ಹಸ್ತಪ್ರತಿಯ ಪಾಠ, ವೈರಾಣುವಿನ ಚರಿತ್ರೆ

ಬೆಂಗಳೂರಿನ ಚಾಮರಾಜಪೇಟೆಯಲ್ಲಿ ಕನ್ನಡ ಸಾಹಿತ್ಯ ಪರಿಷತ್ತಿನ ಕಟ್ಟಡವನ್ನು ನೀವು ನೋಡಿರಬಹುದು. 1915ರಲ್ಲಿ ಸ್ಥಾಪನೆಯಾದ ಈ ಸಂಸ್ಥೆ ಹಳಗನ್ನಡದ ಅನೇಕ ಕಾವ್ಯಗಳನ್ನು ಓಲೆಗರಿಗಳಿಂದ ಸಂಪಾದಿಸಿ ಅಚ್ಚು ಮಾಡಿಸಿತು. ಅಲ್ಲಿಂದ ಮಾರುಕಟ್ಟೆಯ ಕಡೆಗೆ ಸ್ವಲ್ಪ ದೂರ ನಡೆದರೆ ವಿಕ್ಟೋರಿಯಾ ಆಸ್ಪತ್ರೆ ಸಿಗುತ್ತದೆ. ಒಂದು ಹಸ್ತಪ್ರತಿಗಳ ಲೋಕ, ಇನ್ನೊಂದು ರೋಗಿಗಳ ಲೋಕ. ಇವೆರಡಕ್ಕೂ ಏನು ಸಂಬಂಧವೆಂದು ನೀವು ಕೇಳಬಹುದು. ಹೆಚ್.ಐ.ವಿ. ವೈರಾಣುವಿನ ಹೊಸ ತಳಿಗಳು ಹುಟ್ಟುವ ಬಗೆಯನ್ನು ತಿಳಿಯಲು ಹೊರಟಾಗ ನನಗೆ ನೆರವಾದುದು ಗುರುಮಠದಲ್ಲಿ ನಾವು ಕಲಿತ ಹಸ್ತಪ್ರತಿಶಾಸ್ತ್ರವೇ. ಆ ವಿಷಯಕ್ಕೆ ಬರುವ ಮುನ್ನ ಈ ಬಡಾವಣೆಗಳ ಚರಿತ್ರೆಯನ್ನು ಒಮ್ಮೆ ನೆನೆಯುವುದು ಒಳ್ಳೆಯದು.

ಚಾಮರಾಜಪೇಟೆ ರೂಪುಗೊಂಡದ್ದು 1892ರಲ್ಲಿ. ಆರು ವರ್ಷಗಳ ನಂತರ, 1898ರ ಆಗಸ್ಟ್ ತಿಂಗಳಲ್ಲಿ, ರೈಲು ಮಾರ್ಗವಾಗಿ ಹುಬ್ಬಳ್ಳಿಯ ಕಡೆಯಿಂದ ಪ್ಲೇಗು ಬೆಂಗಳೂರನ್ನು ಪ್ರವೇಶಿಸಿತು. ಚಿಕ್ಕಪೇಟೆ, ತರಗುಪೇಟೆಗಳ ಇಕ್ಕಟ್ಟಾದ ಓಣಿಗಳಲ್ಲಿ ಸಾವಿರಾರು ಜನ ಪ್ರಾಣ ಕಳೆದುಕೊಂಡರು. ಗಾಳಿ ಬೆಳಕಿನ ವಿಶಾಲವಾದ ಬಡಾವಣೆಗಳು ಬೇಕೆಂಬ ಆಲೋಚನೆ ಮೊದಲೇ ಇದ್ದರೂ, ಬಸವನಗುಡಿ ಮತ್ತು ಮಲ್ಲೇಶ್ವರಗಳ ನಿರ್ಮಾಣಕ್ಕೆ ತುರ್ತು ಒದಗಿಸಿದ್ದು ಈ ಮಹಾಮಾರಿಯೇ. ನೇರವಾದ ರಸ್ತೆಗಳು, ಮನೆಗಳ ಹಿಂಬದಿಯ ಕನ್ಸರ್ವೆನ್ಸಿ ಓಣಿಗಳು, ನಡುನಡುವೆ ಉದ್ಯಾನಗಳು: ಇವೆಲ್ಲ ರೋಗದ ಭಯದಿಂದ ಕಲಿತ ಪಾಠಗಳು. 1897ರಲ್ಲಿ ಶಂಕುಸ್ಥಾಪನೆಯಾಗಿದ್ದ ವಿಕ್ಟೋರಿಯಾ ಆಸ್ಪತ್ರೆ 1900ರಲ್ಲಿ ತೆರೆಯಿತು.

ಆದರೆ ಆ ಚರಿತ್ರೆಗೆ ಇನ್ನೊಂದು ಮುಖವಿದೆ. ಮನೆಮನೆಗೆ ಬಂದು ರೋಗಿಗಳನ್ನು ಹುಡುಕುವ ಅಧಿಕಾರಿಗಳಿಗೆ ಹೆದರಿ ಜನರು ಕಾಯಿಲೆ ಬಿದ್ದವರನ್ನು ಬಚ್ಚಿಟ್ಟರು. ಊರ ಹೊರಗಿನ ಶೆಡ್ಡಿಗೆ ಒಯ್ದವರು ಮರಳಿ ಬರುವುದಿಲ್ಲವೆಂಬ ಭಯ ಒಂದು ಕಡೆ. ಮನೆತನದ ಮರ್ಯಾದೆಯ ಪ್ರಶ್ನೆ ಇನ್ನೊಂದು ಕಡೆ. ಬಚ್ಚಿಟ್ಟ ಕಡೆಗಳಲ್ಲೇ ರೋಗ ಬೇರು ಬಿಟ್ಟಿತು. ಇಲಿಗಳನ್ನೂ ಕೊಳಕನ್ನೂ ಅಗಲವಾದ ಬೀದಿಗಳು ದೂರವಿಡಬಲ್ಲವು. ಮುಚ್ಚಿಡುವ ಮನಸ್ಸಿಗೆ ಯಾವ ಬಡಾವಣೆಯೂ ಪರಿಹಾರವಾಗಲಿಲ್ಲ.

ಒಂದು ಶತಮಾನದ ನಂತರ ಅದೇ ಬೀದಿಗಳಿಗೆ ಬೇರೊಂದು ಸೋಂಕು ಬಂದಿತು. 1981ರಲ್ಲಿ ಅಮೆರಿಕದ ಲಾಸ್ ಏಂಜಲಿಸ್ ನಗರದ ರೋಗಿಗಳನ್ನು ಕುರಿತು ಏಡ್ಸ್ ರೋಗದ ಮೊದಲ ವರದಿ ಪ್ರಕಟವಾಯಿತು. 1983ರಲ್ಲಿ ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯ ವಿಜ್ಞಾನಿಗಳು ಅದಕ್ಕೆ ಕಾರಣವಾದ ವೈರಾಣುವನ್ನು ಕಂಡರು. 1986ರಲ್ಲಿ ಡಾ. ಸುನೀತಿ ಸಾಲೊಮನ್ ಅವರ ಮಾರ್ಗದರ್ಶನದಲ್ಲಿ ಚೆನ್ನೈಯ ಸಂಶೋಧಕಿಯೊಬ್ಬರು ಸಂಗ್ರಹಿಸಿದ ರಕ್ತದ ಮಾದರಿಗಳಲ್ಲಿ ಭಾರತದ ಮೊದಲ ಸೋಂಕುಗಳು ಪತ್ತೆಯಾದವು. ಮುಂದೆ ಕರ್ನಾಟಕವೂ ಸೋಂಕು ಹೆಚ್ಚಾಗಿದ್ದ ರಾಜ್ಯಗಳ ಪಟ್ಟಿಗೆ ಸೇರಿತು.

ಇಲ್ಲಿ ನನ್ನದೊಂದು ತಪ್ಪನ್ನು ಹೇಳಿಕೊಳ್ಳಬೇಕಾಗಿದೆ. 2001ರ ಸುಮಾರಿಗೆ ನಾನು ಹಳೆಯ ಬೆಂಗಳೂರಿನ ಒಂದು ಧರ್ಮಕೇಂದ್ರದಲ್ಲಿ ಸಹಾಯಕ ಗುರುವಾಗಿದ್ದೆ. ಅಲ್ಲಿನ ಒಬ್ಬ ಗೃಹಸ್ಥರು ಮುದ್ರಣಾಲಯವೊಂದರಲ್ಲಿ ಮೊಳೆ ಜೋಡಿಸುವ ಕೆಲಸದಲ್ಲಿದ್ದವರು. ಅವರಿಗೂ ಅವರ ಪತ್ನಿಗೂ ಹೆಚ್.ಐ.ವಿ. ಇರುವುದು ತಿಳಿದಿತ್ತು. ಆಗ ಔಷಧಿ ದುಬಾರಿ. ಪತಿ ಕೈಯಲ್ಲಿ ದುಡ್ಡಿದ್ದಾಗ ಮಾತ್ರೆ ಕೊಳ್ಳುವುದು, ಇಲ್ಲದಾಗ ಬಿಡುವುದು, ಹೀಗೆ ನಡೆದಿತ್ತು. ಪತ್ನಿ ಮಾತ್ರೆಯನ್ನು ಕಂಡವರೇ ಅಲ್ಲ. ಒಂದು ಸಂಜೆ ಆಕೆ ನನ್ನನ್ನು ಕೇಳಿದರು: “ಸ್ವಾಮಿ, ಆಸ್ಪತ್ರೆಯಲ್ಲಿ ಈಗಲೂ ಎಚ್ಚರಿಕೆಯಿಂದ ಇರಿ ಅಂತಾರೆ. ಇಬ್ಬರಿಗೂ ಬಂದಾಯ್ತಲ್ಲ, ಇನ್ನು ಎಂಥ ಎಚ್ಚರಿಕೆ?” ನನಗೂ ಹಾಗೆಯೇ ತೋರಿತು. “ಹೌದಮ್ಮ, ಇನ್ನು ಅದರ ಚಿಂತೆ ಯಾಕೆ? ಧೈರ್ಯವಾಗಿರಿ” ಎಂದುಬಿಟ್ಟೆ. ಸಮಾಧಾನದ ಮಾತೆಂದು ಆಡಿದ ಆ ಮಾತು ಅಜ್ಞಾನದ ಮಾತಾಗಿತ್ತೆಂಬುದು ನನಗೆ ತಿಳಿದದ್ದು ಹಲವು ವರ್ಷಗಳ ನಂತರ. ಯಾಕೆ ಎಂಬುದೇ ಈ ಲೇಖನದ ವಿಷಯ.

ಓಲೆಗರಿಯನ್ನು ನಕಲು ಮಾಡುವ ಲಿಪಿಕಾರನನ್ನು ಕಲ್ಪಿಸಿಕೊಳ್ಳಿ. ದೀಪದ ಮಂದ ಬೆಳಕು, ಬಳಲಿದ ಕಣ್ಣು. ಎಲ್ಲೋ ಒಂದು ಅಕ್ಷರ ತಪ್ಪುತ್ತದೆ; ‘ಪ’ ಇದ್ದಲ್ಲಿ ‘ಷ’ ಬೀಳುತ್ತದೆ. ಆ ಪ್ರತಿಯಿಂದ ಮತ್ತೊಬ್ಬನು ನಕಲು ಮಾಡಿದಾಗ ಆ ತಪ್ಪು ಮುಂದುವರಿಯುತ್ತದೆ, ಜೊತೆಗೆ ಹೊಸದೊಂದು ಸೇರುತ್ತದೆ. ಇದನ್ನು ನಾವು ಪಾಠಾಂತರ ಎನ್ನುತ್ತೇವೆ. ಆದರೆ ಲಿಪಿಕಾರನ ಮುಂದೆ ಒಂದೇ ಕಾವ್ಯದ ಎರಡು ಪ್ರತಿಗಳಿದ್ದರೆ? ಒಂದರ ಓಲೆ ಮಸುಕಾದಲ್ಲಿ ಅವನು ಇನ್ನೊಂದನ್ನು ನೋಡಿ ಬರೆಯುತ್ತಾನೆ, ಮತ್ತೆ ಮೊದಲನೆಯದಕ್ಕೆ ಮರಳುತ್ತಾನೆ. ಆಗ ಹುಟ್ಟುವ ಮೂರನೆಯ ಪ್ರತಿಯಲ್ಲಿ ಎರಡರ ಗುಣದೋಷಗಳೂ ಸೇರಿರುತ್ತವೆ. ಹಸ್ತಪ್ರತಿಗಳ ವಂಶವೃಕ್ಷವನ್ನು ಬರೆಯುವ ಸಂಪಾದಕನಿಗೆ ಇಂಥ ಮಿಶ್ರಪಾಠವೇ ದೊಡ್ಡ ತಲೆನೋವು. ಪವಿತ್ರ ಗ್ರಂಥದ ಹಳೆಯ ಪ್ರತಿಗಳನ್ನು ಅಭ್ಯಾಸ ಮಾಡಿದವರಿಗೂ ಈ ತೊಡಕು ಚೆನ್ನಾಗಿ ಗೊತ್ತು.

ಹೆಚ್.ಐ.ವಿ.ಯ ಕಥೆಯೂ ಇದೇ. ಅದರ ಸಮಸ್ತ ಬರಹವೂ ಆರ್‌ಎನ್‌ಎ ಎಂಬ ಎಳೆಯಲ್ಲಿ ಸುಮಾರು 9,700 ಅಕ್ಷರಗಳಷ್ಟಿದೆ. ಪ್ರತಿಯೊಂದು ವೈರಾಣುವೂ ಈ ಎಳೆಯ ಎರಡು ಪ್ರತಿಗಳನ್ನು ಹೊತ್ತಿರುತ್ತದೆ. ನಮ್ಮ ರಕ್ತದ ಜೀವಕೋಶದೊಳಗೆ ಹೊಕ್ಕ ಮೇಲೆ ರಿವರ್ಸ್ ಟ್ರಾನ್ಸ್‌ಕ್ರಿಪ್ಟೇಸ್ ಎಂಬ ಕಿಣ್ವ ಆ ಬರಹವನ್ನು ಡಿಎನ್‌ಎಗೆ ನಕಲು ಮಾಡುತ್ತದೆ. 1970ರಲ್ಲಿ ಹೋವರ್ಡ್ ಟೆಮಿನ್ ಮತ್ತು ಡೇವಿಡ್ ಬಾಲ್ಟಿಮೋರ್ ಎಂಬ ವಿಜ್ಞಾನಿಗಳು ಬೇರೆ ಬೇರೆಯಾಗಿ, ಇತರ ವೈರಾಣುಗಳಲ್ಲಿ, ಈ ಕಿಣ್ವವನ್ನು ಕಂಡುಹಿಡಿದಿದ್ದರು. ಈ ಲಿಪಿಕಾರನಿಗೆ ಬರೆದದ್ದನ್ನು ತಿದ್ದಿ ನೋಡುವ ಅಭ್ಯಾಸವೇ ಇಲ್ಲ. ಆದುದರಿಂದ ಮೂರು ನಾಲ್ಕು ಪ್ರತಿಗಳಿಗೊಮ್ಮೆಯಾದರೂ ಒಂದು ಅಕ್ಷರ ತಪ್ಪುತ್ತದೆ. ಚಿಕಿತ್ಸೆಯಿಲ್ಲದ ಒಬ್ಬ ವ್ಯಕ್ತಿಯ ದೇಹದಲ್ಲಿ ದಿನವೊಂದಕ್ಕೆ ಸಾವಿರ ಕೋಟಿಯಷ್ಟು ವೈರಾಣುಗಳು ಹುಟ್ಟಬಲ್ಲವೆಂದಾಗ, ಪಾಠಾಂತರಗಳ ಸಂಖ್ಯೆಯನ್ನು ನೀವೇ ಊಹಿಸಿಕೊಳ್ಳಿ.

ಅದಕ್ಕಿಂತಲೂ ಮುಖ್ಯವಾದುದು ಎರಡು ಪ್ರತಿಗಳ ನಡುವಿನ ಜಿಗಿತ. ನಕಲು ಮಾಡುತ್ತಿರುವಾಗಲೇ ಕಿಣ್ವವು ಒಂದು ಎಳೆಯಿಂದ ಇನ್ನೊಂದು ಎಳೆಗೆ ಹಲವು ಬಾರಿ ಜಿಗಿಯುತ್ತದೆ. ಎರಡು ಎಳೆಗಳೂ ಒಂದೇ ಆಗಿದ್ದರೆ ಇದರಿಂದ ವ್ಯತ್ಯಾಸವಾಗದು. ಆದರೆ ಒಂದೇ ಜೀವಕೋಶಕ್ಕೆ ಎರಡು ಬೇರೆ ತಳಿಗಳು ಹೊಕ್ಕರೆ, ಅಲ್ಲಿಂದ ಹೊರಬರುವ ಕೆಲವು ವೈರಾಣುಗಳಲ್ಲಿ ಒಂದು ಎಳೆ ಈ ತಳಿಯದು, ಮತ್ತೊಂದು ಆ ತಳಿಯದು ಆಗಿರುತ್ತದೆ. ಅವು ಮುಂದಿನ ಜೀವಕೋಶವನ್ನು ಹೊಕ್ಕಾಗ ಜಿಗಿಜಿಗಿದು ಬರೆದ ಬರಹ ಮಿಶ್ರಪಾಠವಾಗುತ್ತದೆ. ಇದನ್ನೇ ಜೀವಶಾಸ್ತ್ರಜ್ಞರು ವಂಶವಾಹಿಗಳ ಮರುಸಂಯೋಜನೆ ಎನ್ನುತ್ತಾರೆ. ಒಂದೊಂದೇ ಅಕ್ಷರದ ತಪ್ಪಿನಿಂದ ದೀರ್ಘಕಾಲದಲ್ಲಿ ಆಗಬೇಕಾದ ಬದಲಾವಣೆ ಇಲ್ಲಿ ಒಂದೇ ಹೆಜ್ಜೆಯಲ್ಲಿ ಆಗಿಬಿಡುತ್ತದೆ.

ಈ ವೈರಾಣುವಿನ ಹುಟ್ಟಿನಲ್ಲೇ ಮಿಶ್ರಣವಿದೆ ಎಂಬುದು ಸೋಜಿಗದ ಸಂಗತಿ. ಮನುಷ್ಯನಿಗೆ ಹೆಚ್.ಐ.ವಿ. ಬಂದದ್ದು ಮಧ್ಯ ಆಫ್ರಿಕದ ಚಿಂಪಾಂಜಿಗಳಿಂದ. ಚಿಂಪಾಂಜಿಗಳಿಗಾದರೂ ಎಲ್ಲಿಂದ ಬಂತು? 2003ರಲ್ಲಿ ಪ್ರಕಟವಾದ ಸಂಶೋಧನೆಯ ಪ್ರಕಾರ, ಚಿಂಪಾಂಜಿಗಳು ಬೇಟೆಯಾಡಿ ತಿನ್ನುವ ಎರಡು ಜಾತಿಯ ಕೋತಿಗಳ ಎರಡು ಬೇರೆ ವೈರಾಣುಗಳು ಚಿಂಪಾಂಜಿಯ ದೇಹದಲ್ಲಿ ಕೂಡಿ ಮೂರನೆಯದು ಹುಟ್ಟಿತು. ಅಲ್ಲಿಂದ ಮನುಷ್ಯನಿಗೆ ದಾಟಿದ ಸೋಂಕು 1920ರ ಸುಮಾರಿಗೆ ಇಂದಿನ ಕಿನ್ಶಾಸ ನಗರದಲ್ಲಿ ಬೇರೂರಿ, ರೈಲು ಮತ್ತು ನದಿಯ ದಾರಿಗಳನ್ನು ಹಿಡಿದು ಹರಡಿತೆಂದು 2014ರ ಅಧ್ಯಯನವೊಂದು ತೋರಿಸಿತು. ನಮ್ಮ ಊರಿಗೆ ಪ್ಲೇಗು ಬಂದದ್ದೂ ರೈಲಿನ ದಾರಿಯಲ್ಲೇ ಎಂಬುದನ್ನು ನೆನಪಿಡಿ.

ಮುಂದೆ ಲೋಕದ ಬೇರೆ ಬೇರೆ ಭಾಗಗಳಲ್ಲಿ ಈ ವೈರಾಣು ಎ, ಬಿ, ಸಿ, ಡಿ ಮುಂತಾದ ಉಪಪ್ರಭೇದಗಳಾಗಿ ಕವಲೊಡೆಯಿತು. ಇವು ಪ್ರತ್ಯೇಕವಾಗಿಯೇ ಉಳಿಯುತ್ತವೆಂದು ವಿಜ್ಞಾನಿಗಳು ಮೊದಲು ಭಾವಿಸಿದ್ದರು. 1995ರಲ್ಲಿ ಸಂಗ್ರಹದಲ್ಲಿದ್ದ ಬರಹಗಳನ್ನು ಹೋಲಿಸಿ ನೋಡಿದಾಗ ಅವುಗಳಲ್ಲಿ ಕೆಲವು ಮಿಶ್ರಪಾಠಗಳೆಂಬುದು ಸ್ಪಷ್ಟವಾಯಿತು. ಥಾಯ್ಲೆಂಡಿನಲ್ಲಿ ಹಬ್ಬಿದ ತಳಿಯನ್ನು ಮೊದಲು ‘ಇ’ ಎಂದು ಕರೆದಿದ್ದರು. ಅದು ‘ಎ’ಯೊಂದಿಗೆ ಬೆರೆತ ರೂಪವೆಂದು ಈಗ ಹೇಳುತ್ತಾರೆ; ಶುದ್ಧವಾದ ‘ಇ’ ಮಾತ್ರ ಯಾರಿಗೂ ಸಿಕ್ಕಿಲ್ಲ. ಮೂಲಪ್ರತಿ ಕಳೆದುಹೋಗಿ ಮಿಶ್ರಪ್ರತಿಯಷ್ಟೇ ಉಳಿದ ಕಾವ್ಯದ ಹಾಗೆ ಇದು. ಚೀನದ ಯುನ್ನಾನ್ ಮತ್ತು ಮ್ಯಾನ್ಮಾರ್ ಗಡಿಯ ಮಾದಕ ವಸ್ತುಗಳ ದಾರಿಯುದ್ದಕ್ಕೂ ‘ಬಿ’ ಮತ್ತು ‘ಸಿ’ ಕೂಡಿದ ತಳಿಗಳು ಹರಡಿದವು. ನಮ್ಮ ಮಣಿಪುರದಲ್ಲೂ ಅಂಥ ಮಿಶ್ರತಳಿಗಳು ಕಂಡುಬಂದವು. ಒಂದೇ ಸೂಜಿಯನ್ನು ಹಲವರು ಹಂಚಿಕೊಂಡಲ್ಲಿ ಎರಡು ತಳಿಗಳು ಒಂದೇ ದೇಹದಲ್ಲಿ ಸಂಧಿಸುವುದು ಸುಲಭ. ಲೋಕದಲ್ಲಿ ಹೀಗೆ ಹುಟ್ಟಿ ಜನರ ನಡುವೆ ಹರಡಿರುವ ಮಿಶ್ರತಳಿಗಳು ಇಂದು ನೂರಕ್ಕೂ ಹೆಚ್ಚು ಗುರುತಾಗಿವೆ.

ಭಾರತದ ಬಹುಪಾಲು ಸೋಂಕು ‘ಸಿ’ ಉಪಪ್ರಭೇದದ್ದು. ಲೋಕದ ಒಟ್ಟು ಸೋಂಕಿನಲ್ಲಿಯೂ ಸುಮಾರು ಅರ್ಧದಷ್ಟು ಇದರದೇ. 1999ರಲ್ಲಿ ಪುಣೆಯ ರಾಷ್ಟ್ರೀಯ ಏಡ್ಸ್ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು, ಅಮೆರಿಕದ ಸಹೋದ್ಯೋಗಿಗಳೊಡನೆ, ಭಾರತದ ಕೆಲವು ವೈರಾಣುಗಳ ಬರಹವನ್ನು ಆದ್ಯಂತವಾಗಿ ಓದಿದರು. ಅವುಗಳಲ್ಲಿ ಒಂದು ‘ಎ’ ಮತ್ತು ‘ಸಿ’ಗಳ ಮಿಶ್ರಣವಾಗಿತ್ತು. ನಮ್ಮಲ್ಲಿಯೂ ಎರಡು ತಳಿಗಳು ಒಂದೇ ದೇಹದಲ್ಲಿ ಕೂಡುತ್ತಿವೆ ಎಂಬುದಕ್ಕೆ ಅದು ಸಾಕ್ಷಿ.

ಇನ್ನು ನಮ್ಮ ಬೆಂಗಳೂರಿನದೇ ಮಾತು. ಬಸವನಗುಡಿಯ ಆಚಾರ್ಯ ಪಾಠಶಾಲೆಯಲ್ಲಿ ಓದಿದ ಬಾಲಕರೊಬ್ಬರು ಮುಂದೆ ಪ್ರೊ. ಸಿ.ಎನ್.ಆರ್. ರಾವ್ ಎಂದು ಲೋಕಖ್ಯಾತರಾದರು. ಅವರ ನೇತೃತ್ವದಲ್ಲಿ 1989ರಲ್ಲಿ ಆರಂಭವಾದ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರ ನಗರದ ಉತ್ತರಕ್ಕೆ ಜಕ್ಕೂರಿನಲ್ಲಿದೆ. ಅಲ್ಲಿನ ಪ್ರೊ. ಉದಯಕುಮಾರ್ ರಂಗ ಅವರ ಪ್ರಯೋಗಾಲಯ ‘ಸಿ’ ಉಪಪ್ರಭೇದವನ್ನು ಬಹುಕಾಲದಿಂದ ಅಭ್ಯಾಸ ಮಾಡುತ್ತ ಬಂದಿದೆ. 2012ರಲ್ಲಿ ಅವರ ತಂಡ ಮಹತ್ವದ ಸಂಗತಿಯೊಂದನ್ನು ಪ್ರಕಟಿಸಿತು: ಹಳೆಯ ‘ಸಿ’ ತಳಿಯ ಜಾಗದಲ್ಲಿ ಹೊಸ ರೂಪಗಳು ಭಾರತದಲ್ಲಿ ಮೆಲ್ಲಮೆಲ್ಲನೆ ಹರಡುತ್ತಿವೆ.

ಏನು ಹೊಸತು? ನಮ್ಮ ದೇಹ ರೋಗವನ್ನು ಎದುರಿಸಲು ಸಜ್ಜಾದಾಗ ರಕ್ಷಕ ಕೋಶಗಳಲ್ಲಿ ಎನ್‌ಎಫ್-ಕಪ್ಪಾ-ಬಿ ಎಂಬ ಪ್ರೋಟೀನು ಎಚ್ಚರಗೊಳ್ಳುತ್ತದೆ. ವೈರಾಣು ಇದನ್ನೇ ತನಗೆ ಅನುಕೂಲ ಮಾಡಿಕೊಂಡಿದೆ. ತನ್ನ ಬರಹದ ಮೊದಲಲ್ಲಿ ಆ ಪ್ರೋಟೀನು ಬಂದು ಕೂರಲು ಪೀಠಗಳನ್ನು ಇಟ್ಟುಕೊಂಡಿದೆ. ಪ್ರೋಟೀನು ಕುಳಿತರೆ ವೈರಾಣುವಿನ ನಕಲು ಕಾರ್ಯ ಚುರುಕಾಗುತ್ತದೆ. ಹೆಚ್ಚಿನ ಉಪಪ್ರಭೇದಗಳಲ್ಲಿ ಇಂಥ ಪೀಠಗಳು ಎರಡು, ‘ಸಿ’ಯಲ್ಲಿ ಮೂರು. ಜಕ್ಕೂರಿನ ತಂಡ ಕಂಡ ಹೊಸ ರೂಪಗಳಲ್ಲೊಂದಕ್ಕೆ ನಾಲ್ಕು ಪೀಠಗಳಿದ್ದವು. ಮೂರರದನ್ನೂ ನಾಲ್ಕರದನ್ನೂ ಒಟ್ಟಿಗೆ ಬೆಳೆಸಿದಾಗ ನಾಲ್ಕರದೇ ಮೇಲುಗೈಯಾಯಿತು. ಎರಡೂ ಒಟ್ಟಿಗೇ ಇದ್ದ ಸೋಂಕಿತರ ದೇಹದಲ್ಲಿಯೂ ಹಾಗೆಯೇ ಕಂಡಿತು.

ಇಲ್ಲೊಂದು ಸ್ಪಷ್ಟನೆ ಅಗತ್ಯ. ಈ ನಾಲ್ಕನೆಯ ಪೀಠ ಎರಡು ತಳಿಗಳ ಮಿಶ್ರಣದಿಂದ ಬಂದದ್ದೆಂದು ನಾನು ಹೇಳುತ್ತಿಲ್ಲ. ನಕಲು ಮಾಡುವ ಕಿಣ್ವ ಎಳೆಯ ಮೇಲೆ ಜಾರಿ ಹಿಂದಿನ ಜಾಗಕ್ಕೆ ಮರಳಿದರೆ ಬರೆದ ಭಾಗವೇ ಮತ್ತೊಮ್ಮೆ ಬರೆಯಲ್ಪಡುತ್ತದೆ. ಲಿಪಿಕಾರ ಕಣ್ಣು ತಪ್ಪಿ ಒಂದೇ ಸಾಲನ್ನು ಎರಡು ಬಾರಿ ಬರೆದಂತೆ ಇದು. ಮಿಶ್ರಪಾಠ ಮತ್ತು ಪುನರುಕ್ತಿ, ಎರಡೂ ಒಬ್ಬನೇ ಲಿಪಿಕಾರನ ಅಭ್ಯಾಸಗಳು. ಹಾಗೆಯೇ ಈ ಸುದ್ದಿಯಿಂದ ದಿಗಿಲುಗೊಳ್ಳಬೇಕಾಗಿಯೂ ಇಲ್ಲ. ಹೊಸ ರೂಪದ ಸೋಂಕಿತರ ರಕ್ತದಲ್ಲಿ ವೈರಾಣುಗಳ ಪ್ರಮಾಣ ಹೆಚ್ಚಾಗಿ ಕಂಡಿತೇ ಹೊರತು, ಸಿಡಿ4 ರಕ್ಷಕ ಕೋಶಗಳ ಎಣಿಕೆಯಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ನಮ್ಮ ಔಷಧಿಗಳು ಎರಗುವುದು ವೈರಾಣುವಿನ ಬೇರೆ ಭಾಗಗಳ ಮೇಲೆ.

ಈಗ ಆ ಮಹಿಳೆಯ ಪ್ರಶ್ನೆಗೆ ಮರಳೋಣ. ಒಮ್ಮೆ ಹೆಚ್.ಐ.ವಿ. ಬಂದವರಿಗೆ ಎರಡನೆಯ ತಳಿ ತಗುಲಲಾರದೆಂಬ ನಂಬಿಕೆ ಅನೇಕರಲ್ಲಿತ್ತು. 2002ರಲ್ಲಿ ವೈದ್ಯಕೀಯ ಪತ್ರಿಕೆಗಳು ಅದು ತಪ್ಪೆಂದು ಸಾಕ್ಷಿಸಮೇತ ವರದಿ ಮಾಡಿದವು. ಸೋಂಕಿತರಿಗೆ ಮತ್ತೊಂದು ತಳಿ ತಗುಲಬಹುದು; ಎರಡೂ ಒಂದೇ ಕೋಶದಲ್ಲಿ ಸಂಧಿಸಬಹುದು; ಸಂಧಿಸಿದಲ್ಲಿ ಮಿಶ್ರಪಾಠ ಹುಟ್ಟಬಹುದು. ಗಂಡ ಹೆಂಡಿರ ನಡುವೆಯೇ ಹರಡಿದ ಸೋಂಕು ಆರಂಭದಲ್ಲಿ ಒಂದೇ ಬರಹವಾದರೂ, ವರ್ಷಗಳು ಕಳೆದಂತೆ ಇಬ್ಬರ ದೇಹದಲ್ಲಿ ಅದು ಬೇರೆಬೇರೆಯಾಗಿ ಬೆಳೆಯುತ್ತದೆ. ಅದರಲ್ಲಿಯೂ ಒಬ್ಬರು ಮಾತ್ರೆಯನ್ನು ತೆಗೆದುಕೊಂಡು ಬಿಟ್ಟು ಮಾಡುತ್ತಿದ್ದರೆ, ಅವರಲ್ಲಿರುವ ವೈರಾಣು ಆ ಮಾತ್ರೆಗೆ ಜಗ್ಗದಂತೆ ಆಗಿರಬಹುದು. ಮಾತ್ರೆಯನ್ನೇ ಕಾಣದ ಸಂಗಾತಿಗೆ ಅಂಥ ವೈರಾಣು ದಾಟಿದರೆ, ಮುಂದೆ ಔಷಧಿ ಸಿಕ್ಕಾಗ ಅದು ಫಲಿಸದೆ ಹೋಗಬಹುದು. ಒಂದು ಔಷಧಿಗೆ ಜಗ್ಗದ ವೈರಾಣು ಮತ್ತೊಂದಕ್ಕೆ ಜಗ್ಗದ ವೈರಾಣುವಿನೊಡನೆ ಕೂಡಿದರೆ, ಎರಡಕ್ಕೂ ಜಗ್ಗದ ಮೂರನೆಯದು ಹುಟ್ಟಬಲ್ಲದು. ಆಸ್ಪತ್ರೆಯವರು ಹೇಳಿದ ಎಚ್ಚರಿಕೆಗೆ ಅರ್ಥವಿತ್ತು. ನಾನು ಅದನ್ನು ಅಳಿಸಿಹಾಕಿದೆ.

ಅವರ ಪತಿ 2003ರಲ್ಲಿ ತೀರಿಕೊಂಡರು. ಸರ್ಕಾರ ಉಚಿತ ಎ.ಆರ್.ಟಿ. ಚಿಕಿತ್ಸೆಯನ್ನು ಆರಂಭಿಸಿದ್ದು 2004ರ ಏಪ್ರಿಲ್ 1ರಂದು. ಆ ಹೊತ್ತಿಗೆ ಆಕೆ ತವರೂರಿಗೆ ಹೋಗಿದ್ದರು, ನನಗೂ ಬೇರೆಡೆಗೆ ವರ್ಗವಾಗಿತ್ತು. ನನ್ನ ಮಾತಿನಿಂದ ಆಕೆಗೆ ಕೇಡಾಯಿತೋ ಇಲ್ಲವೋ ತಿಳಿಯುವ ದಾರಿ ನನಗಿಲ್ಲ. ಯಾಜಕನ ಬಾಯಿಂದ ಬಂದ ಮಾತನ್ನು ಜನರು ವೈದ್ಯನ ಮಾತಿಗಿಂತ ಹೆಚ್ಚಾಗಿ ನಂಬುವುದುಂಟು. ಆದುದರಿಂದಲೇ, ತಿಳಿಯದ ವಿಷಯದಲ್ಲಿ “ನನಗೆ ತಿಳಿಯದು, ಬನ್ನಿ, ವೈದ್ಯರನ್ನು ಕೇಳೋಣ” ಎನ್ನುವುದನ್ನು ಅಂದಿನಿಂದ ರೂಢಿ ಮಾಡಿಕೊಂಡಿದ್ದೇನೆ.

ಇಂದಿನ ಪರಿಸ್ಥಿತಿ ಬಹಳ ಬದಲಾಗಿದೆ. 2017ರಿಂದ ಸಿಡಿ4 ಎಣಿಕೆ ಎಷ್ಟೇ ಇರಲಿ, ಸೋಂಕು ಪತ್ತೆಯಾದ ಪ್ರತಿಯೊಬ್ಬರಿಗೂ ಉಚಿತ ಚಿಕಿತ್ಸೆ ಕೊಡುವುದು ಭಾರತದ ನೀತಿಯಾಗಿದೆ. ಕ್ರಮವಾಗಿ ಮಾತ್ರೆ ತೆಗೆದುಕೊಂಡು, ರಕ್ತದಲ್ಲಿ ವೈರಾಣು ಪರೀಕ್ಷೆಗೆ ಕಾಣದಷ್ಟು ಕಡಿಮೆಯಾಗಿ ಉಳಿದವರಿಂದ ಸಂಗಾತಿಗೆ ಲೈಂಗಿಕವಾಗಿ ಸೋಂಕು ಹರಡುವುದಿಲ್ಲವೆಂದು ದೊಡ್ಡ ಅಧ್ಯಯನಗಳು ಸ್ಥಿರಪಡಿಸಿವೆ. ಲಿಪಿಕಾರನ ಕೈಯನ್ನೇ ಔಷಧಿ ಕಟ್ಟಿಹಾಕಿದ ಮೇಲೆ ಹೊಸ ಪಾಠ ಹುಟ್ಟುವುದಾದರೂ ಹೇಗೆ? ಹೊಸ ತಳಿಗಳನ್ನು ತಡೆಯಲು ನಮಗಿರುವ ಅತ್ಯಂತ ಸರಳವಾದ ಉಪಾಯವೆಂದರೆ ಇದೇ: ಬೇಗನೆ ಪರೀಕ್ಷೆ, ತಪ್ಪದೆ ಮಾತ್ರೆ, ವೈದ್ಯರ ಎಚ್ಚರಿಕೆಗೆ ಗೌರವ.

ಆದರೆ ಪರೀಕ್ಷೆಗೆ ಬರಲು ಧೈರ್ಯ ಬೇಕು. ಆ ಧೈರ್ಯ ಸುತ್ತಲಿನವರಿಂದ ಬರಬೇಕು. ಸೋಂಕಿತರನ್ನು ಕೆಲಸ, ಶಾಲೆ, ಆಸ್ಪತ್ರೆಗಳಲ್ಲಿ ಭೇದಭಾವದಿಂದ ಕಾಣುವುದನ್ನು 2017ರ ಕಾಯಿದೆ ನಿಷೇಧಿಸಿದೆ. 2018ರ ಸೆಪ್ಟೆಂಬರಿನಿಂದ ಅದು ಜಾರಿಯಲ್ಲಿದೆ. ಬಾಡಿಗೆ ಮನೆಯ ಬಾಗಿಲಲ್ಲಿ, ಮದುವೆಯ ಊಟದ ಪಂಕ್ತಿಯಲ್ಲಿ, ನಮ್ಮ ದೇವಾಲಯದ ಬೆಂಚಿನಲ್ಲಿ ಆ ಕಾಯಿದೆಯನ್ನು ಜಾರಿಗೊಳಿಸಬೇಕಾದವರು ನಾವು. 1898ರಲ್ಲಿ ಇದೇ ಪೇಟೆಗಳ ಜನ ತಮ್ಮವರನ್ನು ಅಟ್ಟದ ಮೇಲೆ ಬಚ್ಚಿಟ್ಟರೆ, ಅದು ಅವರೊಬ್ಬರದೇ ತಪ್ಪಾಗಿರಲಿಲ್ಲ. ಹೊರಗೆ ಬಂದರೆ ಏನಾಗುವುದೆಂಬ ಭಯವನ್ನು ಅವರಲ್ಲಿ ಹುಟ್ಟಿಸಿದವರ ಪಾಲೂ ಅದರಲ್ಲಿತ್ತು. ಇಂದು ಮಾತ್ರೆಯ ಡಬ್ಬಿಯನ್ನು ಅಕ್ಕಿಯ ಡಬ್ಬದೊಳಗೆ ಬಚ್ಚಿಡುವ ಮನೆಗಳಿವೆ. ಅತಿಥಿಗಳು ಬಂದ ದಿನ ಅಲ್ಲಿ ಮಾತ್ರೆ ತಪ್ಪುತ್ತದೆ. ತಪ್ಪಿದ ಮಾತ್ರೆಗಳು ಹೆಚ್ಚಿದಂತೆ ವೈರಾಣುವಿಗೆ ಮತ್ತೆ ಬರೆಯಲು ಬಿಡುವು ಸಿಗುತ್ತದೆ.

ಮುಂದೊಮ್ಮೆ ನೀವು ಬಸವನಗುಡಿಯ ಅಥವಾ ಮಲ್ಲೇಶ್ವರದ ಅಗಲವಾದ ಬೀದಿಗಳಲ್ಲಿ ನಡೆಯುವಾಗ, ಅವುಗಳ ಅಗಲಕ್ಕೆ ಕಾರಣವಾದ ಆ ವರ್ಷವನ್ನು ನೆನೆಯಿರಿ. ಹಾಗೆಯೇ ನಿಮ್ಮ ಮನೆಗೆ ಬರುವ ಅತಿಥಿ ತನ್ನ ಮಾತ್ರೆಯನ್ನು ಅಳುಕಿಲ್ಲದೆ ನಿಮ್ಮ ಮುಂದೆಯೇ ನುಂಗಬಲ್ಲನೇ, ಅದಕ್ಕೆ ಒಂದು ಲೋಟ ನೀರನ್ನು ನಿಮ್ಮಿಂದ ಕೇಳಿ ಪಡೆಯಬಲ್ಲನೇ ಎಂದು ನಿಮ್ಮನ್ನು ನೀವೇ ಕೇಳಿಕೊಳ್ಳಿ.